ಆರ್ಯಭಟನ ದೋಣಿಯೂ ನಮ್ಮ ಅಭಿಮಾನವೂ

ನಮ್ಮ ಊರುಗಳಲ್ಲಿ ವಿದ್ಯಾವಿಷಯಕವಾದ ಸಭೆ ಎಲ್ಲಿಯೇ ಸೇರಲಿ, ವೇದಿಕೆಯ ಮೇಲಿನವರಲ್ಲಿ ಒಬ್ಬರಾದರೂ ಎದ್ದು ನಿಂತು, ಐನ್‌ಸ್ಟೈನ್ ಮಹಾಶಯನು ಕಂಡುಹಿಡಿದನೆಂದು ಲೋಕವು ಕೊಂಡಾಡುವ ಸಾಪೇಕ್ಷತೆಯ ತತ್ತ್ವವನ್ನು ನಮ್ಮ ಆರ್ಯಭಟನು ಹದಿನೈದು ಶತಮಾನಗಳ ಹಿಂದೆಯೇ ಹೇಳಿಬಿಟ್ಟಿದ್ದನೆಂದು ಸಾರುವುದು ಒಂದು ವಾಡಿಕೆಯಾಗಿಬಿಟ್ಟಿದೆ. ಸಭಿಕರು ಕರತಾಡನ ಮಾಡುವರು. ಇದನ್ನು ಕೇಳಿ ಮೂಗು ಮುರಿಯುವ ಇನ್ನೊಂದು ಪಂಗಡವೂ ಉಂಟು. ಪಂಚಾಂಗವನ್ನು ಗುಣಿಸುವುದರ ಹೊರತು ನಮ್ಮ ಪೂರ್ವಿಕರಿಗೆ ಮತ್ತೇನೂ ತಿಳಿದಿರಲಿಲ್ಲವೆಂಬುದು ಆ ಪಂಗಡದವರ ದೃಢವಾದ ನಂಬುಗೆ. ಕೊಂಡಾಡುವವರಾಗಲಿ ಹಳಿಯುವವರಾಗಲಿ, ಸುಮಾರು ನೂರಿಪ್ಪತ್ತು ಶ್ಲೋಕಗಳಿಗೆ ಮೀರದ ಆರ್ಯಭಟೀಯವೆಂಬ ಆ ಚಿಕ್ಕ ಗ್ರಂಥವನ್ನು ತೆರೆದು ನೋಡಿದವರು ವಿರಳವೆಂದು ಹೇಳಬೇಕಾಗಿರುವುದು ನಮಗೆ ವಿಷಾದದ ಸಂಗತಿಯಾಗಿದೆ.

ಸ್ವದೇಶಾಭಿಮಾನವನ್ನು ನಾವು ದೋಷವೆಂದು ಎಣಿಸುವವರಲ್ಲ. ಭಾರತದ ಪ್ರಥಮ ಉಪಗ್ರಹವು ಬೆಂಗಳೂರಿನಲ್ಲಿ ನಿರ್ಮಿತವಾಗಿ, ೧೯೭೫ನೆಯ ಏಪ್ರಿಲ್ ೧೯ರಂದು ಸೋವಿಯತ್ ನೆಲದಿಂದ ಗಗನಕ್ಕೇರಿದಾಗ ಅದಕ್ಕೆ ಆರ್ಯಭಟನ ಹೆಸರನ್ನಿಟ್ಟುದು ಎಲ್ಲ ವಿಧದಲ್ಲಿಯೂ ಉಚಿತವೇ ಆಗಿತ್ತು. ಆ ಉಪಗ್ರಹದ ಚಿತ್ರವು ಒಂದು ಕಾಲದ ಎರಡು ರೂಪಾಯಿ ನೋಟಿನ ಬೆನ್ನ ಮೇಲೆ ಅಚ್ಚಾಗಿ ದೇಶದ ಸಂತೆಗಳಲ್ಲೆಲ್ಲ ಸಂಚರಿಸಿದುದೂ ಸಂತೋಷದ ವಿಷಯವೇ. ಆದರೆ ಹೆಸರಿಗೆ ಸಲ್ಲಿಸುವ ಗೌರವ ಬೇರೆ, ವಿಚಾರಕ್ಕೆ ಸಲ್ಲಿಸುವ ಗೌರವ ಬೇರೆ. ಆ ಮಹನೀಯನು ನಿಜವಾಗಿ ಹೇಳಿದುದೇನು, ಹೇಳದೆ ಬಿಟ್ಟುದೇನು, ಅವನ ಮಾತಿಗೆ ಈ ದೇಶದಲ್ಲಿಯೇ ಆದ ಗತಿ ಏನು ಎಂಬುದನ್ನು ವಿಚಾರಿಸದೆ ಜಯಕಾರ ಮಾಡುವುದರಿಂದ ಅವನಿಗೂ ಲಾಭವಿಲ್ಲ, ನಮಗೂ ಲಾಭವಿಲ್ಲ.

ಕ್ರಿ. ಶ. ೪೯೯ರಲ್ಲಿ, ತನ್ನ ೨೩ನೆಯ ವಯಸ್ಸಿನಲ್ಲಿ, ಆರ್ಯಭಟನು ಕೊಟ್ಟ ದೃಷ್ಟಾಂತವು ಇಷ್ಟು: ಮುಂದಕ್ಕೆ ಸಾಗುತ್ತಿರುವ ದೋಣಿಯಲ್ಲಿ ಕುಳಿತವನಿಗೆ ದಡದ ಮೇಲಿನ ನಿಶ್ಚಲವಾದ ವಸ್ತುಗಳು ಹಿಂದಕ್ಕೆ ಸರಿಯುವಂತೆ ಕಾಣುವುವು; ಹಾಗೆಯೇ ಲಂಕೆಯಲ್ಲಿ ನಿಂತವನಿಗೆ ಸ್ಥಿರವಾದ ನಕ್ಷತ್ರಗಳು ನೆಟ್ಟಗೆ ಪಶ್ಚಿಮಕ್ಕೆ ಹೋಗುವಂತೆ ಕಾಣುವುವು. (ಇಲ್ಲಿ ಲಂಕೆಯೆಂದರೆ ರಾವಣನ ರಾಜಧಾನಿಯಲ್ಲ, ಉಜ್ಜಯಿನಿಯ ಮೇಲೆ ಹಾಯುವ ದಕ್ಷಿಣೋತ್ತರ ರೇಖೆಯು ಭೂಮಧ್ಯರೇಖೆಯನ್ನು ಸಂಧಿಸುವ, ಜ್ಯೋತಿಷಿಗಳು ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಸ್ಥಾನ.) ದೋಣಿಯನ್ನು ಕಾಣದ ಪಟ್ಟಣಿಗನಿಗೂ ಈ ಅನುಭವ ಹೊಸದಲ್ಲ. ಅರಸೀಕೆರೆಯಂಥ ಜಂಕ್ಷನ್ನಿನಲ್ಲಿ ನಮ್ಮ ಗಾಡಿ ನಿಂತಿರುವಾಗ ಪಕ್ಕದ ಹಳಿಯ ಗಾಡಿ ಮೆಲ್ಲನೆ ಹೊರಟರೆ, ಹೊರಟುದು ನಮ್ಮದೋ ಅವರದೋ ಎಂಬ ಭ್ರಮೆ ಯಾರಿಗಾದರೂ ಒಂದು ಕ್ಷಣ ಉಂಟಾಗುವುದು. ಅದು ತೀರಬೇಕಾದರೆ ಕಣ್ಣನ್ನು ಆಚೆಯ ಕಿಟಕಿಗೆ ತಿರುಗಿಸಿ ಪ್ಲಾಟ್‌ಫಾರಮ್ಮಿನ ಕಂಬವನ್ನು ನೋಡಬೇಕು.

ಕಂಬವನ್ನು ನೋಡುವುದೆಂದರೇನು? ಅದನ್ನು ನಿಂತಿರುವುದೆಂದು ಒಪ್ಪಿಕೊಂಡು ಮಿಕ್ಕುದನ್ನು ಅದರಿಂದ ಅಳೆಯುವುದು. ಹೀಗೆ ಅಳತೆಗೆ ಆಶ್ರಯವಾಗಿ ಹಿಡಿದುದನ್ನು ಭೌತಶಾಸ್ತ್ರದ ಪಠ್ಯಗಳಲ್ಲಿ ನಿರ್ದೇಶನ ಚೌಕಟ್ಟು ಎಂದು ಕರೆದಿದ್ದಾರೆ. ನಾವು ಈ ಲೇಖನದಲ್ಲಿ ಸುಲಭವಾಗಿ ‘ನೆಲೆ’ ಎನ್ನುವೆವು. ಯಾವುದಾದರೊಂದು ವಸ್ತು ಚಲಿಸುತ್ತಿದೆ ಎಂದಷ್ಟೇ ಹೇಳಿದರೆ ಮಾತು ಪೂರ್ಣವಾಗುವುದಿಲ್ಲ, ಯಾವ ನೆಲೆಯಿಂದ ಎಂದೂ ಹೇಳಬೇಕು. ಗಂಟೆಗೆ ೬೦ ಕಿಲೋಮೀಟರು ವೇಗದ ಗಾಡಿಯೊಳಗೆ ಮುಂದಿನ ಡಬ್ಬಿಯ ಕಡೆಗೆ ೪ ಕಿಲೋಮೀಟರು ವೇಗದಲ್ಲಿ ನಡೆಯುವ ಟಿಕೆಟ್ ಪರೀಕ್ಷಕನು ಆಸನದಲ್ಲಿ ಕುಳಿತವರ ನೆಲೆಯಿಂದ ೪ರಲ್ಲಿಯೂ, ಗೇಟಿನ ಬಳಿ ನಿಂತ ರೈತನ ನೆಲೆಯಿಂದ ೬೪ರಲ್ಲಿಯೂ ಚಲಿಸುತ್ತಿರುವನು. ಇಬ್ಬರ ಮಾತೂ ದಿಟವೇ.

ಆದರೆ ಆರ್ಯಭಟನ ಹಿರಿಮೆ ದೋಣಿಯನ್ನು ಕಂಡುದರಲ್ಲಿಲ್ಲ. ದೋಣಿಯಲ್ಲಿ ಕುಳಿತವರೆಲ್ಲರೂ ದಡ ಸರಿಯುವುದನ್ನು ಕಂಡವರೇ. ಕಾಲ ಕೆಳಗಿನ ಭೂಮಿಯೇ ದೋಣಿಯಾಗಿರಬಹುದೆಂದು ತೆಗೆದುಕೊಂಡು, ಅದಕ್ಕೆ ಲೆಕ್ಕವನ್ನು ಕಟ್ಟಿಕೊಟ್ಟುದರಲ್ಲಿ ಅವನ ಹಿರಿಮೆಯಿದೆ. ೪೩,೨೦,೦೦೦ ವರ್ಷಗಳ ಯುಗದಲ್ಲಿ ಭೂಮಿಯು ಪೂರ್ವಕ್ಕೆ ೧,೫೮,೨೨,೩೭,೫೦೦ ಸಲ ಸುತ್ತುವುದೆಂದು ಅವನು ಬರೆದನು. ಅವನದೇ ಗ್ರಂಥದ ದಿನಸಂಖ್ಯೆಯೊಡನೆ ಹೋಲಿಸಿ ಭಾಗಿಸಿದರೆ, ಒಂದು ಸುತ್ತಿಗೆ ೨೩ ಗಂಟೆ ೫೬ ನಿಮಿಷ ೪ ಸೆಕೆಂಡು ಆಗುವುದು. ಇಂದಿನ ವೇಧಶಾಲೆಗಳು ಕೊಡುವ ಬೆಲೆಗೂ ಇದಕ್ಕೂ ಇರುವ ಅಂತರ ಸೆಕೆಂಡಿನ ಅತ್ಯಲ್ಪ ಅಂಶ ಮಾತ್ರ. ಸಭೆಯ ಭಾಷಣಗಳಲ್ಲಿ ಈ ಅಂಕಿಯನ್ನು ಕೇಳುವುದು ಅಪರೂಪ. ಸಾಪೇಕ್ಷತೆಯೆಂಬ ದೊಡ್ಡ ಶಬ್ದದ ಸದ್ದಿನಲ್ಲಿ ಅದು ಅಡಗಿಹೋಗುತ್ತದೆ. ಇನ್ನೊಂದನ್ನೂ ಮರೆಮಾಚದೆ ಹೇಳಬೇಕು. ದೋಣಿಯ ಶ್ಲೋಕದ ಬೆನ್ನಿಗೇ, ಪ್ರವಹವೆಂಬ ವಾಯುವು ನಕ್ಷತ್ರಮಂಡಲವನ್ನು ಪಶ್ಚಿಮಕ್ಕೆ ತಳ್ಳುವುದೆಂಬ ಅರ್ಥದ ಶ್ಲೋಕವೂ ಇದೆ. ಎರಡೂ ಹೇಗೆ ಹೊಂದುವುವೆಂಬ ವಿಷಯದಲ್ಲಿ ಪಂಡಿತರಲ್ಲಿ ವಿವಾದವುಂಟು. ಎರಡು ನೆಲೆಗಳಿಂದಲೂ ಆಕಾಶದ ನೋಟ ಒಂದೇ ಎಂಬುದು ಅವನ ಅಭಿಪ್ರಾಯವಾಗಿದ್ದಿರಬಹುದೆಂದು ನಮಗೆ ತೋರುವುದು. ಆದರೆ ಬದುಕಿಲ್ಲದವನ ಬಾಯಿಗೆ ಮಾತು ತುಂಬುವುದು ತರವಲ್ಲ.

ಈ ವಿಚಾರಕ್ಕೆ ಎದುರು ನಿಂತವರು ಯಾರು? ಪರದೇಶಿಗಳಲ್ಲ, ನಮ್ಮವರೇ. ಅದರಲ್ಲಿಯೂ ಸಾಮಾನ್ಯರಲ್ಲ. ಆರನೆಯ ಶತಮಾನದಲ್ಲಿ ವರಾಹಮಿಹಿರನು, ಭೂಮಿ ಸುತ್ತುವುದಾದರೆ ಆಕಾಶಕ್ಕೆ ಹಾರಿದ ಹದ್ದು ಮೊದಲಾದ ಪಕ್ಷಿಗಳು ತಮ್ಮ ಗೂಡುಗಳಿಗೆ ಹಿಂದಿರುಗುವುದು ಹೇಗೆ ಎಂದು ಕೇಳಿದನು. ೬೨೮ರಲ್ಲಿ ಬ್ರಹ್ಮಗುಪ್ತನು, ಭೂಮಿ ತಿರುಗುವುದಾದರೆ ಎತ್ತರವಾದ ವಸ್ತುಗಳು ಏಕೆ ಉರುಳಿ ಬೀಳವು ಎಂದು ಕೇಳಿದನು. ಎಂಟನೆಯ ಶತಮಾನದ ಲಲ್ಲನು, ಆಕಾಶಕ್ಕೆ ಬಿಟ್ಟ ಬಾಣವು ಪಶ್ಚಿಮಕ್ಕೆ ಬೀಳಬೇಕಾಗಿತ್ತು, ಮೋಡಗಳೆಲ್ಲ ಪಶ್ಚಿಮಕ್ಕೇ ಹೋಗಬೇಕಾಗಿತ್ತು ಎಂದನು. ಇವರನ್ನು ಮೂಢರೆಂದು ತಳ್ಳಿಬಿಡುವ ಆಧುನಿಕರ ಮಾತು ನಮಗೆ ಒಪ್ಪಿಗೆಯಾಗುವುದಿಲ್ಲ. ಸೊನ್ನೆಯೊಡನೆ ಕೂಡಿಸಿ ಕಳೆಯುವ ನಿಯಮಗಳನ್ನು ಲೋಕಕ್ಕೆ ಬರೆದುಕೊಟ್ಟ ಬ್ರಹ್ಮಗುಪ್ತನು ಮೂಢನಾದರೆ ಜಾಣರು ಯಾರು?

ಆಕ್ಷೇಪಣೆಯ ಬಲವನ್ನು ವಾಚಕರು ಲೆಕ್ಕದಿಂದಲೇ ತಿಳಿಯಬಹುದು. ಭೂಮಿಯ ಆವರ್ತನದ ದೆಸೆಯಿಂದ ಬೆಂಗಳೂರಿನ ನೆಲವು ಗಂಟೆಗೆ ಸುಮಾರು ೧,೬೩೦ ಕಿಲೋಮೀಟರು, ಎಂದರೆ ಸೆಕೆಂಡಿಗೆ ಸುಮಾರು ೪೫೦ ಮೀಟರು ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ೨೦ ಮೀಟರು ಎತ್ತರದ ಗೋಪುರದಿಂದ ಕಲ್ಲೊಂದನ್ನು ಬಿಟ್ಟರೆ ನೆಲ ಸೇರಲು ಸುಮಾರು ೨ ಸೆಕೆಂಡು ಹಿಡಿಯುವುದು. ಅಷ್ಟರಲ್ಲಿ ಗೋಪುರವು ೯೦೦ ಮೀಟರು ಮುಂದೆ ಹೋಗಿರುವುದು! ಕಲ್ಲು ಗೋಪುರದ ಬುಡಕ್ಕೆ ಬೀಳುವ ಬದಲು ಪಶ್ಚಿಮದ ಬೀದಿಯಲ್ಲಿ, ಯಾರದೋ ಹೆಂಚಿನ ಮೇಲೆ, ಬೀಳಬೇಕಾಗಿತ್ತು. ಹಾಗೆ ಬೀಳುವುದಿಲ್ಲವೆಂಬುದನ್ನು ಯಾರೂ ಕಣ್ಣಾರೆ ಕಾಣಬಹುದು. ಆದಕಾರಣ ಭೂಮಿ ನಿಶ್ಚಲವೆಂಬ ಸಿದ್ಧಾಂತವು ಆ ಕಾಲದ ವಿಚಾರವಂತರಿಗೆ ಪ್ರತ್ಯಕ್ಷಪ್ರಮಾಣದಿಂದ ಸಿದ್ಧವಾದುದಾಗಿಯೇ ತೋರಿತು. ದೋಣಿಯ ದೃಷ್ಟಾಂತವು ಕಣ್ಣಿಗೆ ಕಾಣುವುದನ್ನು ವಿವರಿಸಿತೇ ಹೊರತು ಹಕ್ಕಿಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಆರ್ಯಭಟನಲ್ಲಿ ಆ ಉತ್ತರವಿಲ್ಲವೆಂಬುದನ್ನು ಅವನ ಅಭಿಮಾನಿಗಳು ಒಪ್ಪಿಕೊಳ್ಳತಕ್ಕದ್ದು.

ಬಳಿಕ ನಡೆದುದು ಇನ್ನೂ ಶೋಚನೀಯ. ಟೀಕಾಕಾರರು ಗುರುವಿನ ಮಾತನ್ನು ಅಲ್ಲಗಳೆಯಲಾರದೆ, ಒಪ್ಪಲೂ ಆರದೆ, ಅದನ್ನು ತಿದ್ದಿದರು. ಒಂದು ಪ್ರಾಣಕಾಲದಲ್ಲಿ, ಎಂದರೆ ೪ ಸೆಕೆಂಡುಗಳಲ್ಲಿ, ಭೂಮಿಯು ಒಂದು ಕಲೆಯಷ್ಟು ತಿರುಗುವುದೆಂಬ ವಾಕ್ಯದಲ್ಲಿ ‘ಭೂ’ ಎಂದಿದ್ದ ಕಡೆ ‘ಭಂ’ ಎಂಬ ಪಾಠ ಬಂದು ಸೇರಿತು. ‘ಭಂ’ ಎಂದರೆ ನಕ್ಷತ್ರಮಂಡಲ. ಒಂದು ಅಕ್ಷರದ ಬದಲಾವಣೆಯಿಂದ ಭೂಮಿ ನಿಂತಿತು, ಆಕಾಶ ತಿರುಗಿತು! ಹದಿನೈದನೆಯ ಶತಮಾನದ ಕೇರಳದ ಪರಮೇಶ್ವರನು, ಸ್ವತಃ ವರ್ಷಗಟ್ಟಲೆ ಗ್ರಹಣಗಳನ್ನು ವೀಕ್ಷಿಸಿದ ಮಹಾವಿದ್ವಾಂಸನಾಗಿದ್ದರೂ, ಪರಮಾರ್ಥದಲ್ಲಿ ಭೂಮಿ ಸ್ಥಿರವೇ ಎಂದು ವ್ಯಾಖ್ಯಾನ ಬರೆದನು. ಮೂಲಪಾಠವು ‘ಭೂ’ ಎಂದೇ ಇದ್ದಿತೆಂಬುದಕ್ಕೆ ಬಲವಾದ ಸಾಕ್ಷಿಯಾಗಿರುವವನು ಯಾರೆಂದು ಕೇಳಿದರೆ ವಾಚಕರಿಗೆ ಆಶ್ಚರ್ಯವಾದೀತು. ಆರ್ಯಭಟನ ಪರಮವಿರೋಧಿಯಾದ ಬ್ರಹ್ಮಗುಪ್ತನೇ ಆ ಸಾಕ್ಷಿ. ಖಂಡಿಸುವುದಕ್ಕೋಸ್ಕರ ಅವನು ಎದುರಾಳಿಯ ಮಾತನ್ನು ಇದ್ದುದಿದ್ದಂತೆ ಎತ್ತಿ ಬರೆದನು. ಭಕ್ತರು ಅಳಿಸಿದುದು ವಿರೋಧಿಯ ಗ್ರಂಥದಲ್ಲಿ ಉಳಿದುಕೊಂಡಿತು.

ಆರ್ಯಭಟನಿಗೆ ಬೆಂಬಲವೇ ಇರಲಿಲ್ಲವೆಂದಲ್ಲ. ಬ್ರಹ್ಮಗುಪ್ತನ ಗ್ರಂಥಕ್ಕೇ ಟೀಕೆ ಬರೆದ ಒಂಬತ್ತನೆಯ ಶತಮಾನದ ಪೃಥೂದಕಸ್ವಾಮಿಯು ಈ ವಿಷಯದಲ್ಲಿ ಮೂಲಕಾರನನ್ನು ಬಿಟ್ಟು ಆರ್ಯಭಟನ ಪಕ್ಷವನ್ನು ಹಿಡಿದನು. ಸುಮಾರು ೧೦೩೦ರಲ್ಲಿ ಭಾರತದ ವಿದ್ಯೆಗಳನ್ನು ಕುರಿತು ಬರೆದ ಅಲ್‌ಬೆರೂನಿಯು, ಭೂಮಿ ಸುತ್ತುವುದೆಂದರೂ ಆಕಾಶ ಸುತ್ತುವುದೆಂದರೂ ಜ್ಯೋತಿಷದ ಲೆಕ್ಕಗಳಿಗೆ ಬಾಧಕವಿಲ್ಲವೆಂದನು. ಎರಡು ನೆಲೆಗಳ ಸಮಾನತೆಯನ್ನು ಅವನು ಚೆನ್ನಾಗಿ ಗ್ರಹಿಸಿದ್ದನು. ಆದರೆ ಇವರಲ್ಲಿ ಒಬ್ಬರೂ ಹಕ್ಕಿಯ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದ ದಾಖಲೆಯಿಲ್ಲ.

ಆ ಪರೀಕ್ಷೆಗೆ ಏನು ಬೇಕಾಗಿತ್ತು? ಒಂದು ಹಡಗು, ಒಂದು ಕಲ್ಲು, ಕೂವೆಯಮರವನ್ನು ಹತ್ತಬಲ್ಲ ಒಬ್ಬ ಹುಡುಗ. ನಿಂತ ಹಡಗಿನ ಕೂವೆಯ ತುದಿಯಿಂದ ಕಲ್ಲನ್ನು ಬಿಟ್ಟರೆ ಬುಡಕ್ಕೆ ಬೀಳುವುದು. ವೇಗವಾಗಿ ಸಾಗುವ ಹಡಗಿನಲ್ಲಿ ಬಿಟ್ಟರೆ ಎಲ್ಲಿ ಬೀಳುವುದು? ಹಿಂದಕ್ಕೆ ಬೀಳುವುದೆಂದು ಯುರೋಪಿನ ಪಂಡಿತರೂ ಶತಮಾನಗಳ ಕಾಲ ಹೇಳುತ್ತಲೇ ಬಂದರು, ಹತ್ತಿ ನೋಡಿದವರು ಇಲ್ಲವೆಂಬಷ್ಟು ವಿರಳ. ಮೋಡ ಪಕ್ಷಿಗಳ ಆಕ್ಷೇಪವನ್ನು ನಮ್ಮವರಿಗಿಂತ ಮೊದಲೇ ಟಾಲೆಮಿಯು ಎತ್ತಿದ್ದನು. ಹದಿನಾಲ್ಕನೆಯ ಶತಮಾನದ ಒರೆಮ್ ಎಂಬ ಫ್ರೆಂಚ್ ಪಾದ್ರಿಯು ದೋಣಿಯ ವಾದವನ್ನು ಬಹಳ ಸೊಗಸಾಗಿ ಮಂಡಿಸಿ, ಕೊನೆಯಲ್ಲಿ ಭೂಮಿ ನಿಂತಿದೆಯೆಂದೇ ಮುಗಿಸಿದನು! ೧೬೩೨ರಲ್ಲಿ ಗೆಲಿಲಿಯೊ ತನ್ನ ಸಂವಾದಗ್ರಂಥದಲ್ಲಿ ವಾಚಕರನ್ನು ಹಡಗಿನ ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿದನು. ಅಲ್ಲಿ ಪಾತೆಗಳು ಹಾರಲಿ, ಪಾತ್ರೆಯಲ್ಲಿ ಮೀನು ಈಜಲಿ, ತೂಗುಹಾಕಿದ ಕುಡಿಕೆಯಿಂದ ನೀರು ಕೆಳಗಿನ ಪಾತ್ರೆಗೆ ತೊಟ್ಟಿಕ್ಕಲಿ. ಹಡಗು ನಿಂತಿದ್ದರೂ, ಎತ್ತಲೂ ವಾಲದೆ ಒಂದೇ ವೇಗದಲ್ಲಿ ಸಾಗುತ್ತಿದ್ದರೂ, ಇವುಗಳಲ್ಲಿ ಯಾವುದೊಂದರಿಂದಲೂ ವ್ಯತ್ಯಾಸ ತಿಳಿಯದೆಂದು ತೋರಿಸಿದನು. ೧೬೪೦ರಲ್ಲಿ ಗಸೆಂಡಿ ಎಂಬ ಫ್ರೆಂಚ್ ವಿದ್ವಾಂಸನು ಮಾರ್ಸೇಲ್ಸ್ ಬಂದರಿನ ಬಳಿ, ಹುಟ್ಟುಗಾರರು ವೇಗವಾಗಿ ನಡೆಸುತ್ತಿದ್ದ ಹಡಗಿನ ಕೂವೆಯಿಂದ ಗುಂಡನ್ನು ಬಿಡಿಸಿದನು. ಗುಂಡು ಕೂವೆಯ ಬುಡಕ್ಕೇ ಬಿದ್ದಿತು.

ಹಕ್ಕಿಯ ಪ್ರಶ್ನೆಗೆ ಉತ್ತರವು ಆ ಗುಂಡಿನಲ್ಲಿತ್ತು. ಕೈಬಿಡುವ ಮುನ್ನ ಗುಂಡಿಗೆ ಹಡಗಿನ ವೇಗವಿತ್ತು. ಕೈಬಿಟ್ಟ ಮಾತ್ರಕ್ಕೆ ಆ ವೇಗ ತಪ್ಪಿಹೋಗುವುದಿಲ್ಲ, ತಪ್ಪಿಸುವ ಕಾರಣವಿಲ್ಲದೆ ಅದು ಹಾಗೆಯೇ ಉಳಿಯುವುದು. ಇದೇ ಜಡತ್ವ. ಹದ್ದು ಗೂಡನ್ನು ಬಿಟ್ಟು ಮೇಲಕ್ಕೇರುವಾಗ ನೆಲದ ೪೫೦ ಮೀಟರು ವೇಗವನ್ನೂ ತನ್ನೊಡನೆ ಕೊಂಡೊಯ್ಯುವುದು. ಅದು ಹಾರುವ ಗಾಳಿಯೂ ಅದೇ ವೇಗದಲ್ಲಿ ಭೂಮಿಯೊಡನೆ ಸಾಗುತ್ತಿದೆ. ಬಾಣಕ್ಕೂ ಮೋಡಕ್ಕೂ ಇದೇ ನ್ಯಾಯ. ನೆಟ್ಟಗಿನ ರಸ್ತೆಯಲ್ಲಿ ಸಮವೇಗದಿಂದ ಓಡುವ ಬಸ್ಸಿನಲ್ಲಿ ಕುಳಿತು ನಾಣ್ಯವೊಂದನ್ನು ಮೇಲಕ್ಕೆ ಚಿಮ್ಮಿದರೆ ಅದು ಹಿಂದಿನ ಆಸನದವರ ತಲೆಗೆ ಬಡಿಯದೆ ನಮ್ಮ ಕೈಗೇ ಬೀಳುವುದನ್ನು ಇಂದು ಯಾವ ಬಾಲಕನಾದರೂ ನೋಡಬಹುದು. ಬ್ರಹ್ಮಗುಪ್ತನಿಗೆ ಸಾಲದೆಹೋದುದು ಈ ನಾಣ್ಯವೊಂದೇ.

ಇಲ್ಲಿ ನಮ್ಮ ದೇಶಾಭಿಮಾನಕ್ಕೆ ತಾಗಬೇಕಾದ ಮಾತಿದೆ. ಈ ಪ್ರಯೋಗಕ್ಕೆ ಬೇಕಾದ ಯಾವ ಸಾಮಗ್ರಿಗೂ ಭಾರತದಲ್ಲಿ ಕೊರತೆಯಿರಲಿಲ್ಲ. ಮಂಗಳೂರು, ಬಸರೂರು, ಭಟ್ಕಳ, ಹೊನ್ನಾವರಗಳಿಂದ ಅಕ್ಕಿ ಮೆಣಸುಗಳನ್ನು ಹೊತ್ತು ಅರಬ್ಬೀ ಸಮುದ್ರವನ್ನು ದಾಟುತ್ತಿದ್ದ ಹಡಗುಗಳಲ್ಲಿ ಕೂವೆಮರವೂ ಇತ್ತು, ಹತ್ತುವ ಹುಡುಗರೂ ಇದ್ದರು. ಕೂವೆಯ ಮೇಲಿಂದ ಕೈತಪ್ಪಿ ಜಾರಿದ ಉಳಿಯು ಎಲ್ಲಿ ಬೀಳುವುದೆಂಬುದು ಆ ಖಲಾಸಿಗಳಿಗೆ ಗೊತ್ತಿಲ್ಲದಿರಲು ಸಾಧ್ಯವೇ? ಆದರೆ ಸಿದ್ಧಾಂತಗಳನ್ನು ಬರೆದವನು ಕೂವೆಯನ್ನು ಹತ್ತಲಿಲ್ಲ, ಕೂವೆಯನ್ನು ಹತ್ತಿದವನನ್ನು ಯಾರೂ ಸಿದ್ಧಾಂತದ ವಿಷಯವಾಗಿ ಕೇಳಲಿಲ್ಲ. ಗ್ರಂಥ ಬಲ್ಲವನಿಗೂ ಕೈಕಸುಬು ಬಲ್ಲವನಿಗೂ ನಡುವೆ ನಾವು ಕಟ್ಟಿಕೊಂಡ ಗೋಡೆಯು ಆರ್ಯಭಟನ ವಿಚಾರವನ್ನು ಮುಂದೆ ಬೆಳೆಯಗೊಡಲಿಲ್ಲವೆಂದು ನಾವು ನಂಬಿದ್ದೇವೆ. ಇದು ನಮ್ಮ ಅಭಿಪ್ರಾಯವೇ ಹೊರತು ಚರಿತ್ರಕಾರರ ತೀರ್ಮಾನವಲ್ಲ. ಒಪ್ಪದವರು ಬೇರೆ ಕಾರಣವನ್ನು ಮುಂದಿಡಲಿ. ಆದರೆ ‘ನಾವು ಆಗಲೇ ಹೇಳಿದ್ದೆವು’ ಎಂಬ ಘೋಷದಿಂದ ಆ ಕಾರಣವು ಹೊರಬೀಳುವುದಿಲ್ಲ, ಮುಚ್ಚಿಹೋಗುತ್ತದೆ.

ಇಷ್ಟರಿಂದ ವಿಷಯ ಮುಗಿಯಲಿಲ್ಲ. ದೋಣಿಯ ದೃಷ್ಟಾಂತದಲ್ಲಿ ಇನ್ನೊಂದು ಕೊರತೆಯಿದೆ. ಸಮವೇಗದಲ್ಲಿ ನೇರವಾಗಿ ಸಾಗುವ ನೆಲೆಯೊಳಗೆ ಕುಳಿತವನಿಗೆ ತನ್ನ ಚಲನೆ ತಿಳಿಯದೆಂಬುದು ನಿಜ. ಆದರೆ ನೆಲೆಯ ವೇಗವಾಗಲಿ ದಿಕ್ಕಾಗಲಿ ಬದಲಾದರೆ ಗುಟ್ಟು ರಟ್ಟಾಗುವುದು. ಬಸ್ಸಿನ ಚಾಲಕನು ಫಕ್ಕನೆ ಬ್ರೇಕು ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸುವರು. ಆಗುಂಬೆಯ ಘಾಟಿಯ ತಿರುವಿನಲ್ಲಿ ಪ್ರಯಾಣಿಕರು ಒಬ್ಬರ ಮೇಲೊಬ್ಬರು ಒರಗುವರು. ಅದನ್ನು ತಿಳಿಯಲು ಕಿಟಕಿಯನ್ನು ತೆರೆಯಬೇಕಾದುದಿಲ್ಲ. ಭೂಮಿಯಾದರೋ ನೇರವಾಗಿ ಸಾಗುವ ದೋಣಿಯಲ್ಲ, ಗಿರಗಿರನೆ ತಿರುಗುವ ಬುಗುರಿ. ದಿಕ್ಕು ಬದಲಾಗುವುದು ಅತಿ ನಿಧಾನವಾಗಿ, ದಿನಕ್ಕೊಂದು ಸುತ್ತು ಮಾತ್ರ ಆಗಿರುವುದರಿಂದ ನಮ್ಮ ಮೈಗೆ ಅದು ತಿಳಿಯುವುದಿಲ್ಲ. ಆದರೆ ಸೂಕ್ಷ್ಮವಾದ ಉಪಕರಣಕ್ಕೆ ತಿಳಿಯಬೇಕು. ಹಾಗೆ ತಿಳಿದರೆ, ತಿರುಗುವುದು ಆಕಾಶವೋ ಭೂಮಿಯೋ ಎಂಬ ವಿವಾದದಲ್ಲಿ ಎರಡು ನೆಲೆಗಳೂ ಸಮವೆಂದು ಸುಮ್ಮನಾಗಬೇಕಾದುದಿಲ್ಲ.

೧೮೫೧ರಲ್ಲಿ ಪ್ಯಾರಿಸ್ಸಿನ ಪಾಂಥಿಯಾನ್ ಭವನದ ಗುಮ್ಮಟದಿಂದ ಫೂಕೋ ಎಂಬಾತನು ೬೭ ಮೀಟರು ಉದ್ದದ ತಂತಿಯಲ್ಲಿ ೨೮ ಕಿಲೋಗ್ರಾಂ ತೂಕದ ಗುಂಡನ್ನು ತೂಗಹಾಕಿ ತೂಗಾಡಲು ಬಿಟ್ಟನು. ತೂಗಾಟದ ರೇಖೆಯು ಹೊತ್ತು ಕಳೆದಂತೆ ತಾನಾಗಿಯೇ ಪಕ್ಕಕ್ಕೆ ತಿರುಗುತ್ತ ಹೋಯಿತು. ಗುಂಡನ್ನು ಪಕ್ಕಕ್ಕೆ ತಳ್ಳುವವರು ಯಾರೂ ಇರಲಿಲ್ಲ. ಕೆಳಗಿನ ನೆಲವೇ ತಿರುಗುತ್ತಿತ್ತು. ಪ್ಯಾರಿಸ್ಸಿನ ಜನರು, ಭೂಮಿಯು ತಿರುಗುವುದನ್ನು ಆಕಾಶದ ಕಡೆಗೆ ತಲೆಯೆತ್ತದೆಯೇ ನೋಡಿದರು. ಆರ್ಯಭಟನು ಎತ್ತಿದ ಪ್ರಶ್ನೆಗೆ ಕೋಣೆಯೊಳಗೆ ಕಣ್ಣಿಗೆ ಕಾಣುವ ಉತ್ತರ ದೊರೆತದ್ದು ೧೩೫೦ ವರ್ಷಗಳ ಮೇಲೆ. ದೆಹಲಿಯ ಹೊಸ ಸಂಸದ್ಭವನದಲ್ಲಿಯೂ ೨೦೨೩ರಿಂದ ಇಂಥ ಲೋಲಕವೊಂದು ತೂಗುತ್ತಿದೆ. ಅಲ್ಲಿ ಒಂದು ಪೂರ್ಣ ಸುತ್ತಿಗೆ ಸುಮಾರು ೫೦ ಗಂಟೆ ಹಿಡಿಯುವುದು. ಸದಸ್ಯರಲ್ಲಿ ಎಷ್ಟು ಮಂದಿ ಅದರ ಮುಂದೆ ಒಂದು ಗಳಿಗೆ ನಿಲ್ಲುವರೋ ನಾವು ಅರಿಯೆವು.

ತಿರುಗುವ ನೆಲೆಯ ಪರಿಣಾಮಗಳು ಲೋಲಕದಲ್ಲಿ ಮಾತ್ರ ಇರುವುವೆಂದು ತಿಳಿಯಬಾರದು. ಬಂಗಾಳ ಕೊಲ್ಲಿಯ ಚಂಡಮಾರುತಗಳೆಲ್ಲ ಗಡಿಯಾರದ ಮುಳ್ಳಿಗೆ ಎದುರಾಗಿಯೇ ಸುಳಿಯುವುದು ಇದೇ ಕಾರಣದಿಂದ. ಶ್ರೀಹರಿಕೋಟೆಯಿಂದ ಪೂರ್ವಕ್ಕೆ ಹಾರಿಸುವ ರಾಕೆಟ್ಟಿಗೆ, ಇಂಧನವನ್ನು ಹೊತ್ತಿಸುವ ಮುನ್ನವೇ, ನೆಲದ ತಿರುಗಾಟದಿಂದ ಸೆಕೆಂಡಿಗೆ ಸುಮಾರು ೪೫೦ ಮೀಟರು ವೇಗವು ದಾನವಾಗಿ ದೊರೆಯುವುದು. ಹದ್ದಿಗೆ ದೊರೆತ ದಾನವೇ ಅದು. ವರಾಹಮಿಹಿರನ ಆಕ್ಷೇಪವು ಇಂದು ಇಂಧನದ ಉಳಿತಾಯವಾಗಿ ಪರಿಣಮಿಸಿದೆ!

ಇನ್ನು ಐನ್‌ಸ್ಟೈನನ ಮಾತು. ೧೯೦೫ರಲ್ಲಿ ಆತನು ಮಾಡಿದುದು ಗೆಲಿಲಿಯೊನ ಹಡಗಿನ ನಿಯಮವನ್ನು ಬೆಳಕಿಗೂ ವಿಸ್ತರಿಸಿದುದು. ಸಮವೇಗದ ಯಾವ ನೆಲೆಯಿಂದ ಅಳೆದರೂ ಬೆಳಕಿನ ವೇಗವು ಒಂದೇ ಎಂದು ಹಿಡಿದರೆ, ಕಾಲವೂ ಉದ್ದವೂ ನೆಲೆಯಿಂದ ನೆಲೆಗೆ ಬೇರೆಯಾಗಬೇಕಾಗುವುದು. ಇದು ದೋಣಿಯಲ್ಲಿ ಕುಳಿತು ಹೊಳೆಯುವ ಮಾತಲ್ಲ. ೧೮೮೭ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿಯವರು ನಡೆಸಿದಂಥ ಪ್ರಯೋಗಗಳೂ, ವಿದ್ಯುತ್ತು ಬೆಳಕುಗಳ ಶಾಸ್ತ್ರವೂ ಬೆಳೆದು ನಿಂತ ಬಳಿಕ ಬಂದ ವಿಚಾರ. ಆದಕಾರಣ ಆರ್ಯಭಟನ ದೋಣಿಯಲ್ಲಿ ಐನ್‌ಸ್ಟೈನನನ್ನು ಕೂರಿಸುವುದು ಇಬ್ಬರಿಗೂ ಅಪಚಾರ.

‘ಎಲ್ಲವೂ ಸಾಪೇಕ್ಷ, ಅವರವರ ದೃಷ್ಟಿಗೆ ಅವರವರದೇ ಸತ್ಯ’ ಎಂಬುದು ವಿದ್ಯಾವಂತರ ಬಾಯಲ್ಲಿ ಈಗ ಸಲೀಸಾಗಿ ಬರುವ ಮಾತು. ಕಚೇರಿಯ ಕಡತಗಳಲ್ಲಿಯೂ ವಾದವಿವಾದಗಳಲ್ಲಿಯೂ ನುಣುಚಿಕೊಳ್ಳುವುದಕ್ಕೆ ಇದು ಒಳ್ಳೆಯ ದಾರಿಯಾಗಿದೆ. ಭೌತಶಾಸ್ತ್ರವು ಹೇಳುವುದು ಇದಕ್ಕೆ ಸಂಪೂರ್ಣ ವಿರುದ್ಧ. ಪರೀಕ್ಷಕನ ವೇಗವು ಒಬ್ಬರಿಗೆ ೪, ಇನ್ನೊಬ್ಬರಿಗೆ ೬೪ ಆಗಿರಬಹುದು. ಆದರೆ ಒಂದರಿಂದ ಇನ್ನೊಂದನ್ನು ಪಡೆಯುವ ಲೆಕ್ಕ ಒಂದೇ, ಅದರಲ್ಲಿ ಯಾರ ಇಷ್ಟಾನಿಷ್ಟಕ್ಕೂ ಸ್ಥಳವಿಲ್ಲ. ನಿಯಮವು ಎಲ್ಲ ನೆಲೆಗಳಿಗೂ ಸಮಾನ. ಬೆಂಗಳೂರಿನ ಆಟೋದವನು ಮೊಬೈಲಿನಲ್ಲಿ ದಾರಿ ನೋಡುವನಲ್ಲವೇ, ಅದಕ್ಕೆ ಸುದ್ದಿ ಕಳುಹುವ ಉಪಗ್ರಹಗಳ ಗಡಿಯಾರಗಳು ವೇಗದ ದೆಸೆಯಿಂದ ದಿನಕ್ಕೆ ೭ ಮೈಕ್ರೊಸೆಕೆಂಡು ಹಿಂದೆಯೂ, ಎತ್ತರದಲ್ಲಿ ಗುರುತ್ವವು ಕಡಿಮೆಯಾಗಿರುವ ದೆಸೆಯಿಂದ ೪೫ ಮೈಕ್ರೊಸೆಕೆಂಡು ಮುಂದೆಯೂ ನಡೆಯುವುವು. ಉಳಿಯುವ ೩೮ನ್ನು ಲೆಕ್ಕಕ್ಕೆ ಹಿಡಿದು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಸುಮಾರು ೧೦ ಕಿಲೋಮೀಟರಿನಷ್ಟು ತಪ್ಪು ಕೂಡಿಕೊಂಡು, ಮೆಜೆಸ್ಟಿಕ್ಕಿಗೆ ಹೊರಟವನು ಯಲಹಂಕದ ಕಡೆಗೆ ಹೋದಾನು. ‘ಅವರವರ ಸತ್ಯ’ದಿಂದ ಆ ಆಟೋ ಮನೆ ಮುಟ್ಟದು.

ಅಭಿಮಾನಕ್ಕೆ ಯೋಗ್ಯವಾದುದನ್ನು ಹುಡುಕುವವರಿಗೆ ಒಂದು ಸಂಗತಿಯನ್ನು ನೆನಪಿಗೆ ತರುವೆವು. ೧೯೨೦ರಲ್ಲಿ, ಇನ್ನೂ ಮೂವತ್ತು ವರ್ಷವಾಗಿರದ ಮೇಘನಾದ ಸಾಹಾ ಮತ್ತು ಸತ್ಯೇಂದ್ರನಾಥ ಬೋಸ್ ಎಂಬ ಇಬ್ಬರು ತರುಣರು ಐನ್‌ಸ್ಟೈನ್ ಮತ್ತು ಮಿಂಕೋವ್‌ಸ್ಕಿಯವರ ಮೂಲ ಲೇಖನಗಳನ್ನು ಜರ್ಮನ್ ಭಾಷೆಯಿಂದ ಇಂಗ್ಲಿಷಿಗೆ ತಂದರು, ಕಲ್ಕತ್ತಾ ವಿಶ್ವವಿದ್ಯಾಲಯವು ಅದನ್ನು ಪ್ರಕಟಿಸಿತು. ಅವರು ‘ಇದು ನಮ್ಮಲ್ಲಿ ಮೊದಲೇ ಇತ್ತು’ ಎನ್ನುತ್ತ ಕೂರಲಿಲ್ಲ. ಕೆಲಸ ಮಾಡಿದರು. ಬಳಿಕ ಇಬ್ಬರ ಹೆಸರೂ ಭೌತಶಾಸ್ತ್ರದಲ್ಲಿ ಸ್ಥಿರವಾಯಿತು.

ಇನ್ನು ನಮ್ಮ ಪಾಠಶಾಲೆಗಳ ಮಾತು. ಸಾಪೇಕ್ಷ ವೇಗದ ಸೂತ್ರವನ್ನು ಬಾಯಿಪಾಠ ಮಾಡಿ, ಎರಡು ರೈಲುಗಳು ಎದುರುಬದುರಾಗಿ ಬಂದರೆ ಕೂಡಿಸು, ಒಂದೇ ದಿಕ್ಕಿನಲ್ಲಿ ಹೋದರೆ ಕಳೆ ಎಂದು ಗುಣಿಸಿ ಅಂಕ ಪಡೆಯುವ ವಿದ್ಯಾರ್ಥಿಗೆ, ಹಾರಿದ ಹಕ್ಕಿ ಗೂಡಿಗೆ ಹೇಗೆ ಬರುವುದೆಂದು ಕೇಳಿದರೆ ತಬ್ಬಿಬ್ಬಾಗುವನು. ಆರ್ಯಭಟನ ದೋಣಿ, ವರಾಹಮಿಹಿರನ ಹದ್ದು, ಗಸೆಂಡಿಯ ಗುಂಡು, ಫೂಕೋನ ಲೋಲಕ ಈ ನಾಲ್ಕನ್ನೂ ಇದೇ ಕ್ರಮದಲ್ಲಿ, ಕನ್ನಡದಲ್ಲಿ, ಪ್ರೌಢಶಾಲೆಯ ಪಾಠದಲ್ಲಿ ಸೇರಿಸಬೇಕೆಂದು ವಿದ್ಯಾ ಇಲಾಖೆಯವರನ್ನು ನಾವು ಒತ್ತಾಯಪಡಿಸುತ್ತೇವೆ. ವರಾಹಮಿಹಿರ ಬ್ರಹ್ಮಗುಪ್ತರ ಆಕ್ಷೇಪಗಳನ್ನು ಅವಮಾನವೆಂದು ಬಗೆದು ಬಿಟ್ಟುಬಿಡಬಾರದು. ಆಕ್ಷೇಪವೇ ಇಲ್ಲದ ಪಾಠದಲ್ಲಿ ಉತ್ತರಕ್ಕೆ ರುಚಿಯೆಲ್ಲಿಂದ ಬಂದೀತು?

ಜಿಲ್ಲೆಗೊಂದರಂತೆ ಲೋಲಕವನ್ನು ತೂಗಹಾಕುವುದಕ್ಕೆ ಸರಕಾರದವರಿಗೆ ದೊಡ್ಡ ವೆಚ್ಚವೇನೂ ತಗಲದು. ಎತ್ತರವಾದ ಚಾವಣಿಯ ಪುರಭವನವೊ ಹಳೆಯ ಕಾಲೇಜಿನ ಸಭಾಂಗಣವೊ ಇದ್ದರಾಯಿತು. ಗಟ್ಟಿಯಾದ ಉಕ್ಕಿನ ತಂತಿ, ಭಾರವಾದ ಗುಂಡು, ನೆಲದ ಮೇಲೆ ಡಿಗ್ರಿಗಳ ವೃತ್ತ, ಇಷ್ಟು ಸಾಕು. ಸುತ್ತಿನ ಕಾಲವು ಸ್ಥಳದ ಅಕ್ಷಾಂಶವನ್ನು ಅನುಸರಿಸುವುದರಿಂದ ನಮ್ಮ ನಾಡಿಗೆ ಇದರಲ್ಲಿ ವಿಶೇಷ ಸೊಗಸುಂಟು. ಬೀದರಿನಲ್ಲಿ ಒಂದು ಸುತ್ತಿಗೆ ಸುಮಾರು ೭೮ ಗಂಟೆ, ಬೆಂಗಳೂರಿನಲ್ಲಿ ಸುಮಾರು ೧೦೭, ಚಾಮರಾಜನಗರದಲ್ಲಿ ಸುಮಾರು ೧೧೬ ಗಂಟೆ ಆಗುವುದು. ಗಾಳಿಯ ತಡೆಯಿಂದ ತೂಗಾಟವು ಕೆಲವು ಗಂಟೆಗಳಲ್ಲಿ ಕುಗ್ಗುವುದಾದರೂ ಚಿಂತೆಯಿಲ್ಲ, ಪೂರ್ಣ ಸುತ್ತನ್ನು ಕಾಯಬೇಕಾದುದಿಲ್ಲ. ಎರಡು ಗಂಟೆಗಳಲ್ಲಿ ರೇಖೆಯು ಬೀದರಿನಲ್ಲಿ ೯ ಡಿಗ್ರಿಗೆ ತುಸು ಮಿಕ್ಕು ತಿರುಗುವುದು, ಚಾಮರಾಜನಗರದಲ್ಲಿ ೬ಕ್ಕೆ ತುಸು ಮಿಕ್ಕು. ನಾಡಿನ ಎರಡು ತುದಿಗಳ ಮಕ್ಕಳು ಒಂದೇ ದಿನ ಅಳೆದು, ಅಂಕಿಗಳನ್ನು ಒಬ್ಬರಿಗೊಬ್ಬರು ಬರೆದು ತಿಳಿಸಿದರೆ, ತಾವು ನಿಂತ ಅಕ್ಷಾಂಶವನ್ನು ಭೂಪಟ ನೋಡದೆ ಲೆಕ್ಕ ಹಾಕಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು: ಗುಂಡನ್ನು ಕೈಯಿಂದ ಬಿಡಬಾರದು, ಬಿಟ್ಟರೆ ಪಕ್ಕಕ್ಕೆ ಅಲ್ಪವಾದರೂ ನೂಕು ತಗಲಿ ಅಳತೆ ಕೆಡುವುದು, ಹತ್ತಿಯ ದಾರದಿಂದ ಒಂದು ಬದಿಗೆ ಎಳೆದು ಕಟ್ಟಿ, ಅಲುಗಾಟವೆಲ್ಲ ನಿಂತ ಮೇಲೆ, ದಾರಕ್ಕೆ ಬೆಂಕಿಕಡ್ಡಿಯನ್ನು ಹಿಡಿಯಬೇಕು.